ಕಹಿಯ ಹಿಂದೆ ಬೆಣ್ಣೆಯ ವಾಸನೆ

ಭಾನುವಾರ, ಹದಿನಾಲ್ಕನೇ ತಾರೀಖು

ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಮೂರು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪುರುಸೊತ್ತು ಬೇಕಾದಷ್ಟಿತ್ತು, ಧೈರ್ಯವಿರಲಿಲ್ಲ. ಫೋನಿನಲ್ಲಿ ‘ಚೆನ್ನಾಗಿದ್ದೀನಿ’ ಎಂದು ಇಟ್ಟುಬಿಡಬಹುದು. ಕಾಗದದ ಮುಂದೆ ಕೂತರೆ ಹಾಗೆ ನುಣುಚಿಕೊಳ್ಳಲು ಆಗುವುದಿಲ್ಲ.

ಮೊದಲು ಬೈಗುಳ ಮುಗಿಸಿಬಿಡು. ನಾನೀಗ ಔಷಧಿ ಅಂಗಡಿಯಲ್ಲಿಲ್ಲ. ಹೊಲಿಗೆ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಔಷಧಿ ಅಂಗಡಿ ಆಯಿತು, ಇದು ನಾಲ್ಕನೆಯದು. ‘ಇಪ್ಪತ್ತೆರಡು ತುಂಬಿದ್ರೂ ಒಂದು ಕಡೆ ಕೂರಲ್ಲ’ ಎಂದು ನೀನು ಹಣೆ ಚಚ್ಚಿಕೊಳ್ಳುವುದು ಇಲ್ಲಿಗೇ ಕೇಳಿಸುತ್ತಿದೆ. ಇರು, ಇನ್ನೂ ಇದೆ. ಇದು ಬಿಯರ್ ಮಾಡುವ ಜಾಗ. ದೊಡ್ಡ ಫ್ಯಾಕ್ಟರಿಯಲ್ಲ, ಹಳೇ ಗ್ಯಾರೇಜಿನಲ್ಲಿ ನಾಲ್ಕು ಸ್ಟೀಲ್ ಟ್ಯಾಂಕು ನಿಲ್ಲಿಸಿದ್ದಾರೆ. ಟ್ಯಾಂಕು ತೊಳೆ, ಪೈಪು ತೊಳೆ, ನೆಲ ತೊಳೆ, ಇಷ್ಟೇ ನನ್ನ ಕೆಲಸ. ಯಜಮಾನರು ಮೊದಲು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದವರು, ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಾರೆ. ಶಾಲೆ ಬಿಟ್ಟು ಓಡಿದವಳಿಗೆ ಕೊನೆಗೆ ಮೇಷ್ಟ್ರೇ ಗಂಟುಬಿದ್ದರು ನೋಡು.

ಕಳೆದ ಸೋಮವಾರ ಪೇಲ್ ಏಲ್ ಎಂಬ ನಮ್ಮ ಮೊದಲ ಬಿಯರಿನ ರುಚಿ ನೋಡುವ ದಿನ. ಶುಕ್ರವಾರ ಬಾಗಿಲು ತೆರೆಯುವುದೆಂದು ಬೀದಿಯುದ್ದಕ್ಕೂ ಪೋಸ್ಟರ್ ಅಂಟಿಸಿಯಾಗಿತ್ತು. ಬಂಡವಾಳ ಹಾಕಿದವನು ಮೇಷ್ಟ್ರ ಭಾವಮೈದ, ಮೊದಲ ಬಿಯರೇ ಕೆಟ್ಟರೆ ಮುಂದೆ ತಾನಿಲ್ಲ ಎಂದು ಮೊದಲೇ ಹೇಳಿದ್ದ. ನಮ್ಮ ಕೈಗೂ ಒಂದೊಂದು ಗ್ಲಾಸು ಬಂತು.

ಕುಡಿದೆ ಅಮ್ಮಾ, ಮುಚ್ಚಿಡುವುದಿಲ್ಲ. ಮೊದಲ ಗುಟುಕಿಗೆ ಕಿತ್ತಳೆ ಸಿಪ್ಪೆಯನ್ನು ಉಗುರಿನಿಂದ ಚಿವುಟಿದ ಹಾಗೆ, ಹಿಂದೆಯೇ ಆಗತಾನೆ ಕೊಯ್ದ ಹುಲ್ಲು. ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ ಆ ಘಮ ಬರುತ್ತದೆ, ಕಹಿಯೂ ಅದರದ್ದೇ. ಔಷಧಿಯ ಕಹಿಯಲ್ಲ, ಇನ್ನೊಂದು ಗುಟುಕು ಕೇಳುವ ಕಹಿ. ಆದರೆ ಆ ಕಹಿಯ ಹಿಂದೆ, ಒಂದು ಮೂಲೆಯಲ್ಲಿ, ಅಲ್ಲಿರಬಾರದ ಬೆಣ್ಣೆಯ ವಾಸನೆ ಅವಿತುಕೊಂಡಿತ್ತು.

“ಭಾವಾ, ಇದು ಅಮೃತ!” ಎಂದ ಭಾವಮೈದ. “ಪೋಸ್ಟರ್ ದಂಡ. ಬಾಗಿಲು ತೆಗೆದಿಡಿ ಸಾಕು, ಘಮಕ್ಕೇ ಜನ ಬರ್ತಾರೆ.”

ಬಾಟಲಿ ತುಂಬುವ ಅಣ್ಣ ಇದ್ದಾನೆ, ಡ್ರಮ್ಮಿನ ಹಾಗೆ ಇರುವುದರಿಂದ ಡ್ರಮ್ಮಣ್ಣ. ಅವನೆಂದ: “ಕಹಿ ಚೆನ್ನಾಗೇ ಇದೆ ಸಾರ್. ದುಡ್ಡು ಕೊಟ್ಟು ಕಹಿ ಯಾಕೆ ಕುಡೀತಾರೆ ಅನ್ನೋದೊಂದು ಗೊತ್ತಾಗ್ಲಿಲ್ಲ.”

ಎಲ್ಲರೂ ನಕ್ಕರು. ಮೇಷ್ಟ್ರು ನನ್ನ ಕಡೆ ತಿರುಗಿದರು. “ನೀನೇನಂತೀಯಮ್ಮ?”

ಮಾತು ತುದಿನಾಲಿಗೆಗೆ ಬಂದಿತ್ತು. ಆಗ ನಿನ್ನ ಕ್ಯಾಂಟೀನು ನೆನಪಾಯಿತು. ನೀನು ಅದನ್ನು ನಡೆಸುತ್ತಿದ್ದ ನಮ್ಮ ಶಾಲೆಯ ಊಟದ ಕೋಣೆ, ಮುನ್ನೂರು ಮಕ್ಕಳು, ನಾನು ಬೆಂಚಿನ ಮೇಲೆ ನಿಂತು ‘ಈ ಬನ್ನಿನ ಕ್ರೀಮು ಹುಳಿ ಬಂದಿದೆ, ತಿನ್ಬೇಡಿ’ ಎಂದು ಕೂಗಿದ್ದು. ಅದೇ ವಾರ ಕ್ಯಾಂಟೀನು ನಿನ್ನ ಕೈ ತಪ್ಪಿತು, ನಾನೂ ಶಾಲೆ ಬಿಟ್ಟೆ.

“ಆಮೇಲೆ ಹೇಳ್ತೀನಿ ಸಾರ್” ಎಂದೆ.

“ಓಹೋ, ಇವಳ ರಿಸಲ್ಟು ಆಮೇಲಂತೆ!” ಎಂದು ಭಾವಮೈದ ಚುಡಾಯಿಸಿದ. ನಾನು ಖಾಲಿ ಗ್ಲಾಸುಗಳನ್ನು ಎತ್ತತೊಡಗಿದೆ.

ಎಲ್ಲರೂ ಹೋದ ಮೇಲೆ ಟ್ಯಾಂಕಿನ ಹತ್ತಿರ ಮೇಷ್ಟ್ರಿಗೊಬ್ಬರಿಗೇ ಹೇಳಿದೆ. “ಸಾರ್, ಬೆಣ್ಣೆ ವಾಸನೆ ಇದೆ. ಈಗ ಸಣ್ಣದು. ಗ್ಲಾಸು ಬೆಚ್ಚಗಾದಷ್ಟೂ ಎದ್ದು ಬರುತ್ತೆ.”

ಅವರ ಮುಖ ಬಿಗಿಯಿತು. “ಇಷ್ಟು ಜನಕ್ಕೆ ಬರದೇ ಇರೋದು ನಿನಗೊಬ್ಬಳಿಗೇ ಬಂತಾ? ಎಷ್ಟನೇ ಕ್ಲಾಸು ಓದಿದೀಯ?”

“ಮೂಗಿಗೆ ಕ್ಲಾಸಿಲ್ಲ ಸಾರ್.”

ಅಂದುಬಿಟ್ಟೆ. ಈ ಕೆಲಸವೂ ಹೋಯಿತು ಎಂದುಕೊಂಡು ರಬ್ಬರ್ ಬೂಟು ಬಿಚ್ಚತೊಡಗಿದೆ. ಅವರು ಹೋಗಿ ಮೂರು ಗ್ಲಾಸು ತಂದರು. ಎರಡರಲ್ಲಿ ಒಂದೇ ಟ್ಯಾಂಕಿನ ಬಿಯರು, ಒಂದರಲ್ಲಿ ಮಾತ್ರ ಪಕ್ಕದ ಟ್ಯಾಂಕಿನದು. ನೋಡಲು ಮೂರೂ ಒಂದೇ. “ಗುಂಪಿಗೆ ಸೇರದ್ದು ಯಾವುದು, ತೋರಿಸು.” ತೋರಿಸಿದೆ. ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಮತ್ತೆ ಜೋಡಿಸಿದರು. ಐದು ಸಲವೂ ಸರಿಯಾಗಿ ಹೇಳಿದೆ.

“ಈಗ ನಂಗಿಡು” ಎಂದರು. ಮೂರು ಸಲ ಇಟ್ಟೆ. ಎರಡು ಸಲ ತಪ್ಪಿದರು.

ಬೋರಲು ಹಾಕಿದ ಕ್ರೇಟಿನ ಮೇಲೆ ಹಾಗೇ ಕುಳಿತುಬಿಟ್ಟರು. “ಹಾಪ್ಸ್ ಮೂಸಿ ಮೂಸಿ ನನ್ನ ಮೂಗೇ ಮರಗಟ್ಟಿದೆ ಕಣಮ್ಮ. ಅವರೆಲ್ಲ ಇದ್ದಾಗಲೇ ಯಾಕೆ ಹೇಳಲಿಲ್ಲ?”

“ಅವರ ಮುಂದೆ ಹೇಳಿದ್ರೆ ಬಿಯರ್ ಸರಿಹೋಗ್ತಿತ್ತಾ ಸಾರ್?”

ಅವರು ನಕ್ಕರು. ಅವಸರಕ್ಕೆ ಬಿದ್ದು ಆ ಟ್ಯಾಂಕನ್ನು ಬೇಗ ತಣ್ಣಗೆ ಮಾಡಿದ್ದೇ ತಪ್ಪಂತೆ. ಇನ್ನು ನಾಲ್ಕು ದಿನ ಬೆಚ್ಚಗಿಟ್ಟು ಕಾದರೆ, ಆ ವಾಸನೆ ಹುಟ್ಟಿಸಿದ ಯೀಸ್ಟೇ ಅದನ್ನು ತಿಂದು ಮುಗಿಸುತ್ತದಂತೆ. ಕಾದೆವು. ನಿನ್ನೆ ಗ್ಲಾಸನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಮೂಸಿದೆ. ಕಿತ್ತಳೆ, ಹುಲ್ಲು, ಕಹಿ, ಅಷ್ಟೇ. ದಿನ ಮುಂದಕ್ಕೆ ಹೋಯಿತೆಂದು ಮುಖ ಊದಿಸಿಕೊಂಡಿದ್ದ ಭಾವಮೈದನೇ ಈಗ ಏಣಿ ಹತ್ತಿ ಪೋಸ್ಟರುಗಳ ಮೇಲೆ ಬರುವ ಶುಕ್ರವಾರದ ತಾರೀಖು ಅಂಟಿಸುತ್ತಿದ್ದಾನೆ. ಇನ್ನು ಮೇಲೆ ನಾನು ಮೂಸದೆ ಯಾವ ಟ್ಯಾಂಕನ್ನೂ ತೆರೆಯುವುದಿಲ್ಲವೆಂದು ಮೇಷ್ಟ್ರು ಹೇಳಿದ್ದಾರೆ. ನೆಲ ತೊಳೆಯುವುದು ಮಾತ್ರ ತಪ್ಪಿಲ್ಲ.

ಈ ಮೂಗು ಎಲ್ಲಿ ಸಿಕ್ಕಿತು ಎಂದು ಅವರು ಕೇಳಿದರು. ಅಮ್ಮನ ಅಡುಗೆಮನೆಯಲ್ಲಿ ಎಂದೆ. ಕ್ಯಾಂಟೀನಿನ ಕಥೆಯನ್ನೂ ಹೇಳಿದೆ. “ಹೆತ್ತಮ್ಮ ಅಂತಲೂ ನೋಡದೆ ನಿಜ ಹೇಳಿದ್ಯಲ್ಲ! ಅವರನ್ನ ಶುಕ್ರವಾರ ಕರ್ಕೊಂಡು ಬಾ” ಎಂದರು. ನಾನು ನಿಜ ಹೇಳಿದೆ ಎಂದು ನೀನೂ ಹೇಳುತ್ತೀಯ. ಆಮೇಲೆ ಸೇರಿಕೊಂಡ ಆ ಲಾಂಡ್ರಿಯಲ್ಲಿ ಇಸ್ತ್ರಿ ಹಿಡಿದು ನಿಂತುಕೊಂಡೇ, ‘ಕ್ಯಾಂಟೀನ್ ಹೋದ್ರೆ ಹೋಯ್ತು, ನನ್ನ ಮಗಳ ಬಾಯಲ್ಲಿ ಸುಳ್ಳು ಬರಲ್ಲ’ ಎಂದು ಸಿಕ್ಕವರಿಗೆಲ್ಲ ಹೇಳುತ್ತೀಯ.

ಬಾ ಅಮ್ಮಾ. ನಿನಗೆ ನಿಂಬೆಹಣ್ಣಿನ ಸೋಡಾ ಮಾಡಿಕೊಡುತ್ತೇನೆ. ನಾನಂತೂ ನಿನ್ನ ಮಾತು ಕೇಳಲಿಲ್ಲ, ನಿನ್ನ ಮಂಡಿಯಾದರೂ ಕೇಳಲಿ. ದೂರದಿಂದಲೇ ಕಾಲು ಮುಟ್ಟಿದ್ದೇನೆ, ಒಂದು ಒಳ್ಳೆಯ ಮಾತು ಹೇಳಿ ಹರಸು.

ನಿನ್ನ
ಮೊಂಡಿ

ಮತ್ತೆ: ಲಕೋಟೆ ಅಂಟಿಸಿದವಳು ಪುನಃ ಬಿಚ್ಚಿದೆ. ಆ ಬನ್ನಿನ ಕ್ರೀಮು ಮಧ್ಯಾಹ್ನ ಕೆಟ್ಟದ್ದಲ್ಲ ಅಮ್ಮಾ. ಅವತ್ತು ಬೆಳಿಗ್ಗೆ ನಿನಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ‘ಒಂದ್ಸಲ ಮೂಸಿ ನೋಡೇ’ ಎಂದು ನೀನು ಕ್ರೀಮಿನ ಡಬ್ಬಿಯನ್ನು ನನ್ನ ಮೂಗಿಗೆ ಹಿಡಿದೆ. ನನಗೆ ಹುಳಿ ವಾಸನೆ ಆಗಲೇ ಬಂದಿತ್ತು. ಆದರೂ ನಾನು ‘ಚೆನ್ನಾಗಿದೆ’ ಎಂದೆ. ಹಿಂದಿನ ಸಂಜೆ ನೀನು ನನ್ನ ಮಾರ್ಕ್ಸ್ ಕಾರ್ಡನ್ನು ಪಕ್ಕದ ಮನೆಯವರ ಮುಂದೆ ಓದಿ ನಕ್ಕಿದ್ದೆ, ಅದಕ್ಕೆ. ‘ಐಸ್ ಇಡಬೇಕಿತ್ತು, ನನ್ನದೇ ತಪ್ಪು’ ಎಂದು ಐದು ವರ್ಷದಿಂದ ನಿನ್ನನ್ನು ನೀನೇ ಬೈದುಕೊಳ್ಳುತ್ತಿದ್ದೀಯ. ಐಸ್ ಇಟ್ಟಿದ್ದರೂ ಅಷ್ಟೇ ಆಗುತ್ತಿತ್ತು. ಶುಕ್ರವಾರ ನೀನು ಬರದಿದ್ದರೆ ನನಗೆ ಅರ್ಥವಾಗುತ್ತದೆ. ಬಂದರೆ, ಎಲ್ಲರ ಮುಂದೆಯೇ ಬೈ.