‘ಡಾಕ್ಟರಾಗುವುದೇಕೆ?’ ಎಂಬ ಪುಟ

ಮಾರ್ಚ್ ೧೪, ಗುರುವಾರ

ವೈದ್ಯಕೀಯ ಕಾಲೇಜಿನ ನನ್ನ ಅರ್ಜಿಯಲ್ಲಿ ಈ ಒಂದು ಪುಟ ವಾರದಿಂದ ತಲೆ ತಿನ್ನುತ್ತಿತ್ತು. ಬರೆದದ್ದನ್ನು ಓದಿ ಮಗಳು ನಕ್ಕಳು. “ಅಪ್ಪಾ, ಇದು ಭಾಷಣ. ಲಿಫ್ಟಲ್ಲಿ ಸಿಕ್ಕಾಕೊಂಡ ಆ ಅಜ್ಜಿ ಬಗ್ಗೆ ಬರಿ.”

ಬರೆದೆ. ಇಪ್ಪತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನು ನಾನು. ಅಂದು ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನಲ್ಲಿ ಅಜ್ಜಿಗೆ ಎದೆನೋವು. ಜೊತೆಗಾರ ಮೇಲೆ ಮೋಟರು ಸರಿಮಾಡುವವರೆಗೂ ಬಾಗಿಲ ಸಂದಿಯಲ್ಲಿ ಅವರ ಬೆರಳು ಹಿಡಿದು ಮಾತಾಡಿಸುತ್ತಾ ಕೂತಿದ್ದೆ. ಅಜ್ಜಿ ಬದುಕಿದರು. ಆದರೆ ಬೆರಳು ಹಿಡಿದು ಕೂರುವುದಕ್ಕಿಂತ ಹೆಚ್ಚಿನದು ನನಗೆ ಗೊತ್ತಿರಬೇಕಿತ್ತು ಅನ್ನಿಸಿತು. ಅಷ್ಟೇ ಕಾರಣ.

ಹೆಂಡತಿ ಓದಿ ಕಣ್ಣೊರೆಸಿಕೊಂಡಳು. “ಇಲ್ಲಿ ಬರೆದ ಹಾಗೆ ನಿಮ್ಮ ವಯಸ್ಸು ನಲವತ್ತೊಂದಲ್ಲ ಕಣ್ರೀ, ನಲವತ್ತೆರಡು. ಡಾಕ್ಟರಾಗೋರು ಸುಳ್ಳು ಹೇಳಬಾರದು.”

ತಿದ್ದಿ ಕಳಿಸಿದೆ. ಸೀಟು ಸಿಗುತ್ತದೋ ಇಲ್ಲವೋ, ಮನಸ್ಸಂತೂ ಹಗುರವಾಗಿದೆ. ನಿದ್ದೆಗೆ ಕಣ್ಣು ಎಳೆಯುತ್ತಿದೆ, ಇನ್ನು…