ಮೂರನೆಯ ಪ್ಲಗ್ಗಿನ ಬಣ್ಣ

7 ಸೆಪ್ಟೆಂಬರ್ 1981, ಸೋಮವಾರ

ಇಂದೂ ಕಾರು ಹಂಪನಕಟ್ಟೆಯಲ್ಲೇ ನಿಂತಿತು. ಹಿಂದೆ ಎರಡು ಸಿಟಿ ಬಸ್ಸು, ಮುಂದೆ ಒಂದು ಕೈಗಾಡಿ. ಕೈಗಾಡಿ ಮಾತ್ರ ಚಲಿಸುತ್ತಿತ್ತು. ಬಾನೆಟ್ ಎತ್ತಿ ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿದೆ, ಕರವಸ್ತ್ರದಲ್ಲಿ ಹಾಕಿ ಮಸಿ ಒರಸಿದೆ, ತಿರುಗಿ ಹಾಕಿದೆ. ಏಳು ನಿಮಿಷ. ಕಳೆದ ತಿಂಗಳು ಹದಿನೈದು ಬೇಕಾಗುತ್ತಿತ್ತು. ಪ್ರಗತಿ ಇಲ್ಲ ಎನ್ನುವಂತಿಲ್ಲ. ಎರಡನೇ ಬಸ್ಸಿನ ಕಂಡಕ್ಟರ್ ಈಗ ನನ್ನನ್ನು ಹೆಸರು ಹಿಡಿದೇ ಬೈಯುತ್ತಾನೆ.

ತಪ್ಪು ಕಾರಿನದ್ದಲ್ಲ. ಸೋದರಮಾವ ಇರುವಷ್ಟು ಕಾಲ ಗಂಟೆಗೆ ಇಪ್ಪತ್ತು ಮೈಲಿಯಲ್ಲಿ ಓಡಿದ ಸಾಧು ಫಿಯೆಟ್. ನಾನು ಇಂಗ್ಲಿಷ್ ಮ್ಯಾಗಝಿನ್ ಓದಿದೆ. ಎಂಜಿನ್ನಿನ ಹೆಡ್ ಬಿಚ್ಚಿಸಿ, ಅಡಿ ಕೂದಲೆಳೆಯಷ್ಟು ಸವೆಸಿ ‘ಸ್ಕಿಮ್’ ಮಾಡಿಸಿದೆ — ಕಂಪ್ರೆಶನ್ ಏರಿ ಬಲ ಹೆಚ್ಚಲೆಂದು. ಒಂದು ಕಾರ್ಬ್ಯುರೇಟರ್ ಇದ್ದಲ್ಲಿ ಎರಡು ಕೂರಿಸಿದೆ. ಈಗ ಅದು ರೇಸಿನ ಕುದುರೆ. ಕುಲಶೇಖರದ ಮನೆಯಿಂದ ಹಂಪನಕಟ್ಟೆಯ ಬ್ಯಾಂಕಿನ ತನಕ ರೇಸ್ ಇಲ್ಲ ಎಂಬುದೊಂದೇ ಕೊರತೆ.

ಎಂಜಿನ್ನಿನ ಬಲ ಏರಿಸಿದರೆ ಪ್ಲಗ್ ಒಂದು ಮೆಟ್ಟಿಲು ‘ತಣ್ಣನೆ’ಯದು ಹಾಕಬೇಕಂತೆ. ಹಾಕಿದೆ. ಮಸಿ.

ಹೆಂಡತಿ ಉಮಾವತಿಗೆ ಶಾಸ್ತ್ರ ವಿವರಿಸಿದೆ. ಪ್ಲಗ್ಗಿನ ಮೂಗು ತನ್ನ ಮಸಿ ತಾನೇ ಸುಟ್ಟುಕೊಳ್ಳುವಷ್ಟು ಬಿಸಿ ಇರಬೇಕು, ಕಿಡಿ ಬೀಳುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುವಷ್ಟು ಬಿಸಿ ಇರಬಾರದು.

“ಗಂಡಸರ ಹಾಗೆ,” ಎಂದಳು. ಚರ್ಚೆ ಅಲ್ಲಿಗೆ ಮುಗಿಯಿತು.

10 ಸೆಪ್ಟೆಂಬರ್, ಗುರುವಾರ

ಗುಣಪಾಲ ಬಂದಿದ್ದ. ಚಿಕ್ಕಮ್ಮನ ಮಗ. ಹಂಪನಕಟ್ಟೆಯಲ್ಲಿ ಹೊಸ ಲಾಡ್ಜ್ ಹಾಕಿದ್ದಾನೆ. ಗೆಸ್ಟುಗಳನ್ನು ತರಲು ಕಾರು ಬೇಕು. ಯಾವ ಕಾರು? ಇದೇ.

ಅವನ ಮಾತಿನಲ್ಲಿ ಲಾ ಪಾಯಿಂಟ್ ಇದೆ. ನಮ್ಮದು ಅಳಿಯಕಟ್ಟು, ಆಸ್ತಿ ಹೋಗುವುದು ಮಗನಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಮಾವನ ಕಾರು ಕುಟುಂಬದ್ದು, ನಾನು ಹತ್ತಿರ ಇದ್ದೆನೆಂದು ಕೀ ನನ್ನ ಕೈಗೆ ಬಂತು, ಅಷ್ಟೆ. ಅವನೂ ಅಳಿಯನೇ.

“ಅಲ್ಲ ಚಿತ್ತಣ್ಣ, ನೀನು ಓಡಿಸುವುದಕ್ಕಿಂತ ಜಾಸ್ತಿ ಬಿಚ್ಚುವುದೇ ಅಲ್ಲವಾ? ಅಕ್ಟೋಬರ್ ಹದಿನೆಂಟಕ್ಕೆ ಕುಟುಂಬದ ಮನೆಯಲ್ಲಿ ದೈವಕ್ಕೆ ತಂಬಿಲದ ಪೂಜೆ ಉಂಟು. ದೊಡ್ಡಮ್ಮನನ್ನು ನೀನೇ ಕಾರಲ್ಲಿ ಕರ್ಕೊಂಡು ಬರಬೇಕಂತೆ. ಕೂತು ನೋಡಿ ಹೇಳ್ತೇನೆ ಅಂದಿದ್ದಾರೆ.”

ಕುಶಲಾ ದೊಡ್ಡಮ್ಮ ನಮ್ಮ ಕುಟುಂಬದ ಯಜಮಾನಿ. ಅತ್ತಾವರದಲ್ಲಿದ್ದಾರೆ. ಎಂಬತ್ತು ವರ್ಷ. ಅವರ ಮಾತಿಗೆ ಅಪೀಲಿಲ್ಲ. ಅತ್ತಾವರದಿಂದ ಮೂಡಬಿದ್ರೆ ಹತ್ತಿರದ ಕುಟುಂಬದ ಮನೆಗೆ ದಾರಿ: ಮೊದಲು ಪೇಟೆಯ ತೆವಳಾಟ, ಆಮೇಲೆ ಗುರುಪುರದ ಏರು. ತೆವಳಲು ಬಿಸಿ ಪ್ಲಗ್ ಬೇಕು. ಏರಲು ತಣ್ಣನೆಯದು ಬೇಕು.

ದೊಡ್ಡಮ್ಮ ಕೂತಾಗ ನಿಂತಿತೋ, ಕಾರು ಹೋಯಿತು. ಎರಡು ವರ್ಷದ ಭಾನುವಾರಗಳೆಲ್ಲ ಅದರೊಳಗಿವೆ.

15 ಸೆಪ್ಟೆಂಬರ್, ಮಂಗಳವಾರ

ಬಿಸಿ ಪ್ಲಗ್ ಹಾಕಿದೆ. ಪೇಟೆಯಲ್ಲಿ ಮಸಿ ಇಲ್ಲ! ಕಂಡಕ್ಟರ್ ಕೈ ಬೀಸಿದ. ಐಡ್ಲಿಂಗಿನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ಮಾತ್ರ ಸ್ವಲ್ಪ ನಡುಕ. ಭಕ್ತಿಯಿಂದಿರಬಹುದು.

27 ಸೆಪ್ಟೆಂಬರ್, ಭಾನುವಾರ

ಹನ್ನೆರಡು ದಿನದ ಸಂತೋಷ. ಸಂತೋಷವಿದ್ದಾಗ ಡೈರಿ ಬರೆಯುವ ಅಭ್ಯಾಸ ನನಗಿಲ್ಲ.

ಇಂದು ಒಬ್ಬನೇ ಗುರುಪುರಕ್ಕೆ ಹೋದೆ. ಏರಿನ ಅರ್ಧದಲ್ಲಿ ಎಂಜಿನ್ನಿನೊಳಗೆ ಯಾರೋ ತೆಂಗಿನಕಾಯಿ ಒಡೆಯುವ ಸದ್ದು. ಮೇಲೆ ನಿಲ್ಲಿಸಿ ಕೀ ತೆಗೆದೆ, ಕಿಸೆಗೂ ಹಾಕಿದೆ. ಎಂಜಿನ್ ಓಡುತ್ತಲೇ ಇತ್ತು. ಅದಕ್ಕೆ ಇನ್ನು ನನ್ನ ಅಗತ್ಯ ಇಲ್ಲ. ಪ್ಲಗ್ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದೆ. ಒಂದು ಬೆಳ್ಳಗೆ, ನೀರುದೋಸೆಯ ಹಾಗೆ.

ಬಂದರಿನ ಮೆಕ್ಯಾನಿಕ್ ಮೊಯ್ದೀನಬ್ಬನಿಗೆ ಗಂಟು ಬಿಚ್ಚಿ ತೋರಿಸಿದೆ.

“ಬಿಳಿ ಆದ್ರೆ ಜಾಸ್ತಿ ಬಿಸಿ, ಕಪ್ಪಾದ್ರೆ ಜಾಸ್ತಿ ತಣ್ಣಗೆ. ಹುರಿದ ಗೇರುಬೀಜದ ಬಣ್ಣ ಬರಬೇಕು ಆಳ್ವರೇ.”

“ಬರದಿದ್ದರೆ?”

“ಬರುವ ತನಕ ಬದಲಿಸುದು. ಅಥವಾ ಒಂದು ಕಾರ್ಬ್ಯುರೇಟರ್ ತೆಗೆದು ಮಾವನ ಹಾಗೆ ಓಡಿಸುದು. ನಾನು ಆಗಲೇ ಹೇಳ್ಲಿಲ್ಲವಾ?”

ಹೇಳಿದ್ದ. ಅದಕ್ಕೇ ಎರಡನೆಯದನ್ನು ನಾನೇ ಕೂರಿಸಿದ್ದು.

1 ಅಕ್ಟೋಬರ್, ಗುರುವಾರ

ಮಧ್ಯಮ ಪ್ಲಗ್. ಮಧ್ಯಮಮಾರ್ಗದ ಫಲ: ಪೇಟೆಯಲ್ಲಿಯೂ ನಿಂತಿತು, ಏರಿನಲ್ಲಿಯೂ ಬಡಿಯಿತು. ಇನ್ನು ಹದಿನೇಳು ದಿನ.

3 ಅಕ್ಟೋಬರ್, ಶನಿವಾರ, ಸಂಜೆ 5

ಶೆಡ್ಡಿನಲ್ಲಿ ಪ್ಲಗ್ ನೋಡುತ್ತ ಕೂತಿದ್ದೆ. ಪಕ್ಕದ ಮನೆಯ ಒಲಿಂಡಾ ಬಾಯಿ ಗೋಡೆಯಾಚೆಯಿಂದ ನೋಡಿದಳು. ಗೇರುಬೀಜದ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೀಜದ ಬಣ್ಣ ನೋಡಿ ವಿಂಗಡಿಸುವ ಕೆಲಸ.

“ಎಂತ ಆಳ್ವರೇ, ದಿನಾ ಈ ನಾಲ್ಕು ಮಕ್ಕಳ ಮೂಗು ಒರಸುದು?”

ಬಣ್ಣದ ಕಥೆ ಹೇಳಿದೆ. ನಕ್ಕಳು.

“ಬೀಜದ ಬಣ್ಣ ಟ್ಯೂಬ್‌ಲೈಟಲ್ಲಿ ನೋಡ್ತಾರಾ? ಬಿಸಿಲಿಗೆ ತನ್ನಿ.”

ತಂದೆ. ಕೈಗೆ ತೆಗೆದುಕೊಂಡು ಉಗುರಿನಿಂದ ತಿರುಗಿಸಿದಳು. “ಮೂರು ಒಳ್ಳೆಯದು. ಇದೊಂದು ರಿಜೆಕ್ಟ್. ಇದು ಯಾವ ಒಲೆದು?”

“ಒಲೆ?”

“ಎಲ್ಲಿಂದ ತೆಗೆದದ್ದು? ಒಂದನೆಯದಾ, ಎರಡನೆಯದಾ?”

ಗೊತ್ತಿಲ್ಲ. ಎಲ್ಲ ಒಂದೇ ಕರವಸ್ತ್ರದಲ್ಲಿತ್ತು.

“ಅಯ್ಯೋ ದೇವಾ! ನಮ್ಮಲ್ಲಿ ಡಬ್ಬಿ ಡಬ್ಬಿಗೆ ಚೀಟಿ ಉಂಟು. ಸುಟ್ಟ ಬೀಜ ಬಂದ್ರೆ ಚೀಟಿ ನೋಡಿ ಸೀದಾ ಆ ಒಲೆಯವನಿಗೇ ಬೈಯುದು. ಚೀಟಿ ಇಲ್ಲದಿದ್ರೆ ಇಡೀ ಫ್ಯಾಕ್ಟ್ರಿಗೆ ಬೈಯುದಾ?”

ಆರು ವಾರದಿಂದ ನಾನು ಇಡೀ ಫ್ಯಾಕ್ಟರಿಗೇ ಬೈಯುತ್ತಿದ್ದೆ. ಬಿ.ಕಾಂ., ಫಸ್ಟ್ ಕ್ಲಾಸ್.

10 ಅಕ್ಟೋಬರ್, ಶನಿವಾರ

ಒಲಿಂಡಾ ಬಾಯಿಯ ಎರಡನೆಯ ಆಕ್ಷೇಪ: ದೊಡ್ಡಮ್ಮನ ದಿನ ಕಾರಿನಲ್ಲಿ ಐದು ಜನ, ಪರೀಕ್ಷೆಗೆ ನಾನೊಬ್ಬನೇ ಹೋದರೆ ಎಂತ ಪ್ರಯೋಜನ? ಆದ್ದರಿಂದ ಇಂದು ಫ್ಯಾಕ್ಟರಿ ಬಿಟ್ಟ ಮೇಲೆ ಅವಳೂ ಅವಳ ಮೂವರು ಗೆಳತಿಯರೂ ಭಾರವಾಗಿ ಬಂದರು. ಹೇಮಾಕ್ಷಿ ಎಂಬವಳು ಒಬ್ಬಳೇ ಇಬ್ಬರ ಸೇವೆ ಸಲ್ಲಿಸಿದಳು.

ಮಧ್ಯಮ ಪ್ಲಗ್ಗಿನಲ್ಲೇ ಗುರುಪುರ ಏರಿದೆ. ಟಕ ಟಕ ಟಕ. ತುದಿಯಲ್ಲಿ ನಿಲ್ಲಿಸಿ, ಒಂದೊಂದೇ ಬಿಚ್ಚಿ, ನಂಬರ್ ಬರೆದ ಚೀಟಿಯ ಮೇಲೆ ಇಟ್ಟೆ. ನಾಲ್ವರೂ ಬಾಗಿ ನೋಡಿದರು. ಇಂಥ ಪರಿಣತರ ಸಮಿತಿ ರೇಸಿನವರಿಗೂ ಸಿಕ್ಕಿರಲಾರದು.

ಒಂದು, ಎರಡು, ನಾಲ್ಕು — ಹುರಿದ ಗೇರುಬೀಜ. ಮೂರು — ಬಿಳಿ.

ಪ್ಲಗ್ ಅದಲುಬದಲು ಮಾಡಿ ಮತ್ತೊಮ್ಮೆ ಏರಿದೆ. ಮತ್ತೆ ಮೂರನೇ ಚೀಟಿಯದ್ದೇ ಬಿಳಿ. ತಪ್ಪು ಪ್ಲಗ್ಗಿನದ್ದಲ್ಲ, ಒಲೆಯದ್ದು.

ಹೇಮಾಕ್ಷಿ ಕೇಳಿದಳು: “ಇನ್ನೊಂದು ರೌಂಡ್ ಉಂಟಾ?”

11 ಅಕ್ಟೋಬರ್, ಭಾನುವಾರ

ಮೊಯ್ದೀನಬ್ಬ ಎಂಜಿನ್ ಸ್ಟಾರ್ಟ್ ಮಾಡಿಸಿ, ಎರಡನೇ ಕಾರ್ಬ್ಯುರೇಟರಿನ ಬುಡಕ್ಕೆ ನಾಲ್ಕು ಹನಿ ಆಯಿಲ್ ಬಿಟ್ಟ. ಆಯಿಲ್ ಸಂದು ಮುಚ್ಚಿದ್ದೇ ನಡುಕ ನಿಂತಿತು. ಬಿಚ್ಚಿದ. ಸಂದಿನಲ್ಲಿ ಗಾಳಿ ನುಗ್ಗದಂತೆ ಇಡುವ ಗ್ಯಾಸ್ಕೆಟ್ ಉಗುರಿನಷ್ಟು ಹರಿದಿತ್ತು. ಅಲ್ಲಿಂದ ಗಾಳಿ ನುಗ್ಗಿ ಮೂರನೆಯದಕ್ಕೆ ಪೆಟ್ರೋಲು ಸಾಲದೆ ಒಣಗಿ ಬೇಯುತ್ತಿತ್ತು.

“ಇದು ಯಾವ ಹಾಳಾದವ ಕತ್ತರಿಸಿದ್ದು ಮಾರಾಯ್ರೆ? ಇದು ಗ್ಯಾಸ್ಕೆಟ್ ಪೇಪರೇ ಅಲ್ಲ.”

ಅಲ್ಲ. ಬ್ಯಾಂಕಿನ ಹಳೇ ರಿಜಿಸ್ಟರಿನ ರಟ್ಟು. ಹಾಳಾದವನ ಹೆಸರು ಹೇಳಲಿಲ್ಲ.

ಒಬ್ಬನಿಗೆ ಜ್ವರ, ಮನೆಯವರಿಗೆಲ್ಲ ಕಷಾಯ ಕುಡಿಸಿದೆ. ಹೊಸ ಗ್ಯಾಸ್ಕೆಟ್, ಮಧ್ಯಮ ಪ್ಲಗ್. ನಾಲ್ಕೂ ಒಂದೇ ಬಣ್ಣ. ಉಮಾವತಿ ಮೊದಲ ಸಲ ತಾನಾಗಿ ಮುಂದಿನ ಸೀಟಿನಲ್ಲಿ ಕೂತಳು. ಪಣಂಬೂರಿಗೆ ಹೋಗಿಬಂದೆವು. ಎಲ್ಲಿಯೂ ನಿಲ್ಲಲಿಲ್ಲ. ಬರುವಾಗ ಅವಳು ಹಾಡುತ್ತಿದ್ದಳು, ಅದೂ ಗಟ್ಟಿಯಾಗಿ.

18 ಅಕ್ಟೋಬರ್, ಭಾನುವಾರ, ಸಂಜೆ

ಅತ್ತಾವರದಲ್ಲಿ ಹತ್ತಿದ ದೊಡ್ಡಮ್ಮ ಕುಟುಂಬದ ಮನೆಯ ಅಂಗಳದಲ್ಲಿ ಇಳಿದರು. ನಡುವೆ ಹೇಳುವಂಥದ್ದು ಏನೂ ಆಗಲಿಲ್ಲ. ಇಷ್ಟು ಸುಂದರವಾದ ವಾಕ್ಯ ಈ ಡೈರಿಯಲ್ಲಿ ಇನ್ನೊಂದಿಲ್ಲ. ಗುರುಪುರದ ಏರಿನಲ್ಲಿ ದೊಡ್ಡಮ್ಮ ನಿದ್ದೆ ಮಾಡಿದರು. ಗುಣಪಾಲ ಹಿಂದಿನ ಸೀಟಿನಲ್ಲಿ ಸದ್ದಿಗಾಗಿ ಕಿವಿ ಕೊಟ್ಟು ಕೂತಿದ್ದ. ಪಾಪ, ನಿರಾಶೆ.

ತಂಬಿಲ, ಊಟ. ವೀಳ್ಯ ಹಾಕಿಕೊಂಡು ದೊಡ್ಡಮ್ಮ ಜಗಲಿಯಲ್ಲಿ ಕೂತರು. ನನ್ನನ್ನು ಹತ್ತಿರ ಕರೆದರು.

“ಚಿತ್ತ, ಕಾರು ಭಾರೀ ಲಾಯಿಕ್ ಆಗಿದೆ. ನನ್ನ ತಮ್ಮ ಇರುವಾಗಲೂ ಹೀಗೆ ಓಡ್ಲಿಲ್ಲ.”

ನಾನು ವಿನಯದಿಂದ ನೆಲ ನೋಡಿದೆ.

“ಗುಣಪಾಲ ಎರಡು ವರ್ಷದಿಂದ ಕೇಳ್ತಾ ಇದ್ದಾನೆ. ಕುಟುಂಬದವನಿಗೆ ಹಾಳು ವಸ್ತು ಕೊಟ್ರೆ ತಮ್ಮನ ಹೆಸರು ಹೋಗ್ತದೆ, ಅದಕ್ಕೆ ನಾನು ಸುಮ್ಮನಿದ್ದೆ. ಈಗ ನೀನೇ ಸರಿ ಮಾಡಿದಿ. ಇನ್ನು ಕೊಡ್ಲಿಕ್ಕೆ ಅಡ್ಡಿ ಇಲ್ಲ.”

“ದೊಡ್ಡಮ್ಮ... ಒಂದು ವೇಳೆ ಗುರುಪುರದಲ್ಲಿ ನಿಂತಿದ್ರೆ?”

“ನಿನ್ನ ಹತ್ರವೇ ಇರ್ತಿತ್ತು. ಹಾಳಾದ್ದು ಯಾರಿಗೆ ಬೇಕು ಮಗಾ?”

ಗುಣಪಾಲ ನನ್ನ ಕೈ ಕುಲುಕಿದ. ಶನಿವಾರ ಒಂಬತ್ತಕ್ಕೆ ಬರುತ್ತಾನಂತೆ.

ಹಿಂದೆ ಬರುವಾಗಲೂ ಕಾರು ನಿಲ್ಲಲಿಲ್ಲ. ದ್ರೋಹಿ.

24 ಅಕ್ಟೋಬರ್, ಶನಿವಾರ, ಬೆಳಿಗ್ಗೆ 8.35

ಐದು ದಿನ ಬರೆಯಲು ಮನಸ್ಸಾಗಲಿಲ್ಲ. ಬ್ಯಾಂಕಿಗೆ ಕಾರು ತೆಗೆದುಕೊಂಡು ಹೋದೆ, ಸುಮ್ಮನೆ ಸುತ್ತು ಹಾಕಿ ಬಂದೆ. ಹಂಪನಕಟ್ಟೆಯ ಕಂಡಕ್ಟರ್ ಕೇಳಿದ: “ಎಂತ ಆಳ್ವರೇ, ಹುಷಾರಿಲ್ಲವಾ? ಈಗ ನಿಲ್ಸುವುದೇ ಇಲ್ಲ?”

ಕಾರು ತೊಳೆದಾಯಿತು. ಕೀ ಮೇಜಿನ ಮೇಲೆ. ಪಕ್ಕದಲ್ಲಿ ಕರವಸ್ತ್ರದ ಗಂಟು: ತಣ್ಣನೆಯ ಪ್ಲಗ್ ನಾಲ್ಕು, ಹರಿದ ಗ್ಯಾಸ್ಕೆಟ್ ಒಂದು. ಎಸೆಯಲೆಂದು ತೆಗೆದದ್ದು. ಬೇರೆ ಯೋಚನೆ ಇರಲಿಲ್ಲ. ಇದ್ದರೂ ನಾನು ಮರ್ಯಾದಸ್ಥ. ಹನ್ನೊಂದು ವರ್ಷ ಬ್ಯಾಂಕಿನಲ್ಲಿ...

8.40

ಉಮಾವತಿ ಕಾಫಿ ತಂದಳು. ಲೋಟ ಇಟ್ಟು ಗಂಟು ನೋಡಿದಳು. ಒಳಗೆ ಹೋದಳು. ಸ್ಪ್ಯಾನರ್ ತಂದು ಲೋಟದ ಪಕ್ಕದಲ್ಲಿ ಇಟ್ಟಳು.

“ಪ್ಲಗ್ ನಾಲ್ಕೂ ಬದಲಿಸಬೇಡಿ, ಗುಮಾನಿ ಬರ್ತದೆ. ಆ ರಟ್ಟು ಒಂದು ಸಾಕಲ್ಲವಾ? ಹಂಪನಕಟ್ಟೆ ತನಕ ಹೋಗಿ ನಿಲ್ತದೆ.”

ಆರು ವಾರ ನನ್ನ ಉಪನ್ಯಾಸ ಕೇಳಿ ನಕ್ಕವಳು ಇಷ್ಟು ಕಲಿತಿದ್ದಾಳೆ.

“ಗೇಟಿನ ಹತ್ರ ಒಲಿಂಡಾ ಬಾಯಿ ನಿಂತಿದ್ದಾಳೆ,” ಎಂದಳು. “ಗುಣಪಾಲ ತಿರುವಿನಲ್ಲಿ ಕಂಡ ಕೂಡಲೇ ಕೆಮ್ಮುತ್ತಾಳೆ.”

ಹತ್ತು ನಿಮಿಷದ ಕೆಲಸ. ಏಳರಲ್ಲಿ ಮುಗಿಸಬಲ್ಲೆ. ಈಗ 8.44. ಬರೆಯುತ್ತ ಕೂತರೆ —