ಅಮ್ಮನ ಟೋಪನ್

ಕೋಗಿಲು,
ಕಾರ್ತಿಕ ಮಾಸ, ೧೯೬೧

ನನ್ನ ಮುನಿಸುಗಾರ್ತಿ ಅಕ್ಕ ರಾಮಲಕ್ಷ್ಮಿಗೆ, ಕಿರಿಯಳಾದ ಸುಬ್ಬಮ್ಮನ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ಕ್ಷೇಮವಿಲ್ಲ ಎಂದು ಬರೆದರೆ ಹೆದರುತ್ತೀಯ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಅಮ್ಮ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ದನದ ಕೊಟ್ಟಿಗೆಗೆ ಹೋಗಿ ಬಚ್ಚಿಟ್ಟುಕೊಳ್ಳುವುದು ನಿಂತಿದೆ. ಮರೆವು ಮಾತ್ರ ಹಾಗೆಯೇ ಇದೆ. ನನ್ನನ್ನು ಒಮ್ಮೆ ತನ್ನ ಅತ್ತಿಗೆ ಎನ್ನುತ್ತಾಳೆ, ಒಮ್ಮೆ ರಾಗಿ ಬೀಸಲು ಬಂದವಳು ಎನ್ನುತ್ತಾಳೆ. ಬೀಸಲು ಬಂದವಳಾದ ದಿನ ಬೈಗುಳ ಜಾಸ್ತಿ. ನಾನೂ ಅಷ್ಟೇ ಜೋರಾಗಿ ಉತ್ತರ ಕೊಡುತ್ತೇನೆ, ಅವಳಿಗೆ ಅದೇ ಇಷ್ಟ.

ಯುಗಾದಿಯಿಂದ ನೀನು ಈ ಕಡೆ ತಲೆ ಹಾಕಿಲ್ಲ. ದೊಡ್ಡಬಳ್ಳಾಪುರದಿಂದ ಯಲಹಂಕಕ್ಕೆ ಬಸ್ಸುಂಟು, ಯಲಹಂಕದಿಂದ ಕೋಗಿಲಿಗೆ ನಿನಗೆ ಕಾಲುಂಟು. ಬಾರದಿರುವುದು ಯಾಕೆಂದು ನನಗೆ ಗೊತ್ತಿಲ್ಲದೆ ಇಲ್ಲ. ತಿರುಪತಿಯಲ್ಲಿ ಅಮ್ಮನ ಮುಡಿ ಕೊಡಿಸುವ ಹರಕೆ ನಿನ್ನದು. ಮರೆವು ಹೋಗಲಿ ಸ್ವಾಮಿ, ಅವಳ ಕೂದಲು ನಿನಗೇ ಎಂದು ನೀನು ಕೈಮುಗಿದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ನಮ್ಮ ಕಡೆ ಯಾರ ಮನೆಯಲ್ಲಿ ಹರಕೆಯ ಮುಡಿ ಕೊಟ್ಟಿಲ್ಲ ಹೇಳು? ಕೊಟ್ಟವರೆಲ್ಲ ಬೋಳುತಲೆಗೆ ಗಂಧ ಬಳಿದುಕೊಂಡು ನಗುತ್ತಾ ಊರಿಗೆ ಬರುತ್ತಾರೆ. ಕೊಟ್ಟದ್ದನ್ನೇ ಮರೆಯುವವಳಿಗೆ ಅದು ಹೇಗಿರುತ್ತದೆ ಎಂಬುದು ನಮಗ್ಯಾರಿಗೂ ಹೊಳೆಯಲಿಲ್ಲ. ಬೆಳಗ್ಗೆ ಎದ್ದು ತುರುಬಿಗೆ ಕೈ ಹಾಕುವಳು, ಸಿಗದು. ದಿನವೂ ಅದೇ ಮೊದಲ ಸಲವೆಂಬಂತೆ ಅಳುವಳು. ದೇವರು, ಬೆಟ್ಟ, ಹರಕೆ ಯಾವುದೂ ಅವಳ ನೆನಪಿನಲ್ಲಿಲ್ಲ. ಕ್ಷೌರದವನ ಮುಂದೆ ಕೈ ಹಿಡಿದು ಕೂರಿಸಿದ ನಿನ್ನ ಮುಖವೊಂದು ಉಳಿದುಬಿಟ್ಟಿದೆ.

ಯುಗಾದಿಯ ದಿನ ನೀನು ಹೋಳಿಗೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದಾಗ, "ಇವ್ಳೇ ಕಣ್ರವ್ವಾ ನನ್ ತಲೆ ಬೋಳಿಸ್ದೋಳು! ಓಗು ಆಚೆಗೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ನೀನು ಡಬ್ಬಿಯನ್ನು ಜಗಲಿಯ ಮೇಲಿಟ್ಟು, ತಿರುಗಿ ನೋಡದೆ ಹೋದೆ. ನಿನ್ನ ಹಿಂದೆ ಓಡಿ ಬರೋಣವೆಂದರೆ ಅಮ್ಮ ನನ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಅಮ್ಮ ಸುಧಾರಿಸಿದ್ದು ಮುನಿಆಂಜಿನಪ್ಪನಿಂದ. ನಮ್ಮೂರ ನಾಟಕದಲ್ಲಿ ರಾಣಿಯ ಪಾತ್ರ ಮಾಡುತ್ತಾನಲ್ಲ, ಪ್ರತಿ ಸಲ ಮೀಸೆ ತೆಗೆಯುವಾಗ ಹೆಂಡತಿಯ ಹತ್ತಿರ ಬೈಸಿಕೊಳ್ಳುವವನು, ಅವನೇ. ಅಮ್ಮನ ಅಳು ಕೇಳಲಾರದೆ ಒಂದು ದಿನ ತನ್ನ ಟೋಪನ್ ತಂದ. ನಾಟಕದವರು ತಲೆಗೆ ಹಾಕಿಕೊಳ್ಳುವ ಕಟ್ಟುಗೂದಲಿಗೆ ಹಾಗೆನ್ನುತ್ತಾರೆ. ಕಡುಗಪ್ಪು, ಸೊಂಟದವರೆಗೆ ಬರುತ್ತದೆ. ಅಮ್ಮನ ತಲೆಗೆ ಹಾಕಿ ಕನ್ನಡಿ ಹಿಡಿದೆವು. ಬಹಳ ಹೊತ್ತು ನೋಡಿದಳು. "ಯಾರ ಮನೆ ಸೊಸೆಯವ್ವಾ ಇವ್ಳು? ಚೆಂದಾಗವ್ಳೆ. ಉಂಡ್ಳಾ ಕೇಳು" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಮರುಗಳಿಗೆಯಲ್ಲಿ ತಲೆ ಮುಟ್ಟಿಕೊಂಡವಳೇ, "ಇದು ನಂದಲ್ಲ" ಎಂದು ಕಿತ್ತು ಎಸೆದಳು. ಮತ್ತೆ ಅದೇ ಅಳು.

ಆಗ ನನಗೆ ಅಡುಗೆಮನೆಯ ಗೋಡೆಯ ಗೂಡು ನೆನಪಾಯಿತು. ತಲೆ ಬಾಚಿದಾಗ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಮುಂದೆ ಚೌರಿ ಕಟ್ಟಿಸೋಣವೆಂದು ಅಮ್ಮ ಅಲ್ಲಿ ತುರುಕುತ್ತಿದ್ದಳಲ್ಲ. ಪಿನ್ನು ಸೂಜಿ ಮಾರುವವಳು ಬಂದಾಗ ನಾವಿಬ್ಬರೂ ಅದರಲ್ಲಿ ಒಂದಿಷ್ಟು ಕದ್ದು ಕೊಟ್ಟು ಮಣಿಸರ ತೆಗೆದುಕೊಂಡು ಪೆಟ್ಟು ತಿಂದಿದ್ದೆವು. ಉಳಿದದ್ದೆಲ್ಲ ಹಾಗೆಯೇ ಇತ್ತು. ಅರ್ಧ ಕಪ್ಪು, ಅರ್ಧ ನರೆತದ್ದು, ಮೂಲೆಯಲ್ಲಿ ಜೇಡರಬಲೆ ಸೇರಿಕೊಂಡದ್ದು. ಸೀಗೆಪುಡಿ ಹಾಕಿ ತೊಳೆದು ಸಿಕ್ಕು ಬಿಡಿಸುವಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬಂತು. ಮುನಿಆಂಜಿನಪ್ಪ ತನ್ನ ಹಳೆಯ ಟೋಪನ್ನಿನ ಬಟ್ಟೆಯ ಮೇಲೆ ಅದನ್ನು ಎಳೆಎಳೆಯಾಗಿ ಕೂರಿಸಿ ಹೊಲಿದ. "ಸೊಣ್ಣಮ್ಮತ್ತೆಗೆ ನಾಟಕದ ಕೂದ್ಲು ಆಗಾಕಿಲ್ಲ ಕಣಕ್ಕ. ಆಯಮ್ಮಂದೇ ಆಗ್ಬೇಕು" ಎಂದು ಗೊಣಗುತ್ತಲೇ ಇದ್ದ.

ಈಗ ದಿನಾ ಮಧ್ಯಾಹ್ನ ಅಮ್ಮನನ್ನು ಜಗಲಿಯ ಮೇಲೆ ಕೂರಿಸುತ್ತೇನೆ. ಹೊಸದಾಗಿ ಚಿಗುರಿದ ಕೂದಲು ಇನ್ನೂ ತುರುಬಿಗೆ ಬರುವಷ್ಟಿಲ್ಲ, ಅದಕ್ಕೆ ಬೆಚ್ಚಗಿನ ಹರಳೆಣ್ಣೆ ತಟ್ಟುತ್ತೇನೆ. ನೆತ್ತಿಗೆ ಎಣ್ಣೆ ಇಳಿದ ಹಾಗೆಲ್ಲ ಅವಳ ಹುಬ್ಬಿನ ಗಂಟು ಬಿಡುತ್ತದೆ. ಆಮೇಲೆ ಟೋಪನ್ ಹಾಕಿ, ಹಿಂದೆ ಒಂದು ಸಣ್ಣ ತುರುಬು ಕಟ್ಟುತ್ತೇನೆ. ಅಪ್ಪ ದ್ರಾಕ್ಷಿ ತೋಟದ ಬದಿಯಿಂದ ಕನಕಾಂಬರ ಕಿತ್ತು ತರುತ್ತಾನೆ, ನಾಚಿಕೆಗೆ ನನ್ನ ಕೈಗೇ ಕೊಡುತ್ತಾನೆ. ಅಮ್ಮ ಕೈ ಹಿಂದಕ್ಕೆ ಹಾಕಿ ತುರುಬು ಮುಟ್ಟಿ ನೋಡಿ, "ಊಂ, ಐತೆ" ಎನ್ನುತ್ತಾಳೆ. ಆಮೇಲೆ ಅನ್ನ ಕೇಳುತ್ತಾಳೆ.

ಇಷ್ಟನ್ನು ಹೇಳಲು ಕಾಗದ ಬರೆಯಬೇಕಿರಲಿಲ್ಲ. ಹದಿನೈದು ದಿನದ ಹಿಂದೆ ನಡೆದದ್ದನ್ನು ಕೇಳು. ಟೋಪನ್ ತೊಳೆದು, ಒಣಗಲೆಂದು ಬೋರಲು ಹಾಕಿದ ಗಡಿಗೆಗೆ ತೊಡಿಸಿ ಜಗಲಿಯಲ್ಲಿಟ್ಟಿದ್ದೆ. ಒಳಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಆ ಗಡಿಗೆಯನ್ನು ಮಂಡಿಗಳ ನಡುವೆ ಇಟ್ಟುಕೊಂಡು, ಬೈತಲೆ ತೆಗೆದು ಜಡೆ ಹೆಣೆಯುತ್ತಿದ್ದಳು. "ಅಲುಗಾಡ್ಬ್ಯಾಡ ಕಣೇ ಲಕ್ಷ್ಮೀ, ಇಸ್ಕೂಲ್‌ಗೆ ಒತ್ತಾಯ್ತದೆ. ಸುಬ್ಬಿಗೆ ಆಮೇಲೆ ಬಾಚ್ತೀನಿ" ಎನ್ನುತ್ತಿದ್ದಳು. ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ. ಸಂತೋಷಕ್ಕೋ, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೋ ಗೊತ್ತಿಲ್ಲ. ಆವತ್ತಿನಿಂದ ದಿನವೂ ಬೆಳಗ್ಗೆ ಟೋಪನ್ ತೊಡಿಸಿದ ಆ ಗಡಿಗೆ ಬೇಕು. ಕೊಡುವುದು ತಡವಾದರೆ, "ಅರ್ಧ ಜಡೆಗೇ ಎದ್ದು ಎಲ್ಲೋದ್ಲು ಲಕ್ಷ್ಮಿ?" ಎಂದು ಬೀದಿಯ ಕಡೆ ನೋಡುತ್ತಾಳೆ.

ಅವಳು ಹೊರಗೆ ಹಾಕಿದ್ದು ಒಂದು ಮುಖವನ್ನು, ತನ್ನ ಮಗಳನ್ನಲ್ಲ. ನಿನ್ನ ತಲೆ ಇನ್ನೂ ಅವಳ ಕೈಗೆ ಗೊತ್ತಿದೆ. ಆ ಕೈಯಲ್ಲಿ ಈಚೆಗೆ ಬಾಚಣಿಗೆ ನಡುಗುತ್ತದೆ, ಆದ್ದರಿಂದ ಸಂಕ್ರಾಂತಿ, ಮುಂದಿನ ಯುಗಾದಿ ಎಂದೆಲ್ಲ ನೆಪ ಹೇಳಬೇಡ. ಹಿತ್ತಲ ಬಾಗಿಲಿಂದ ಬಾ. ಕೂದಲು ಬಿಚ್ಚಿಕೊಂಡು ಬಾ. ಮಾತಾಡಬೇಡ, ಮುಖ ತೋರಿಸಬೇಡ, ಅವಳ ಮಂಡಿಯ ಮುಂದೆ ಬೆನ್ನು ಮಾಡಿ ಕೂತುಬಿಡು. ಗಡಿಗೆಯನ್ನು ನಾನು ಎತ್ತಿಟ್ಟಿರುತ್ತೇನೆ. ಜಡೆ ಮುಗಿದ ಮೇಲೆ ತಿರುಗುವುದೋ ಬೇಡವೋ ನಿನಗೆ ಬಿಟ್ಟದ್ದು.

ಜಡೆ ಮುಗಿಸಿ ಅವಳು ನೆತ್ತಿಯ ಮೇಲೆ ಕೈಯಿಟ್ಟು, "ಮುಡಿ ತುಂಬಾ ಊವ ಮುಡ್ಕೊಂಡು ತಣ್ಣಗಿರು ಮಗ್ಳೇ" ಎನ್ನುತ್ತಾಳೆ. ನಿನಗೆ ಸೇರಬೇಕಾದ ಆ ಆಶೀರ್ವಾದ ದಿನವೂ ಮಣ್ಣಿನ ಗಡಿಗೆಗೆ ಹೋಗುತ್ತಿದೆ, ಅಕ್ಕ. ಬಂದು ತೆಗೆದುಕೋ.

ನಿನ್ನ ಜಡೆ ಮುಗಿಯುವುದನ್ನೇ ಕಾಯುತ್ತಿರುವ,
ಸುಬ್ಬಿ